ತಪ್ಪಿ ಎತ್ಕೊಂಡ ಬ್ಯಾಗ್ ಕಳ್ಳತನವಾ?

ಪ್ರಶ್ನೆ: ವಕೀಲರೇ, ಲೋಕಲ್ ಟ್ರೇನ್‌ನಲ್ಲಿ ನಂದೇ ಅನ್ಕೊಂಡು ಯಾರದೋ ಕಪ್ಪು ಬ್ಯಾಗ್ ಎತ್ಕೊಂಡು ಇಳಿದ್ಬಿಟ್ಟೆ, ಮನೇಲಿ ಜಿಪ್ ತೆಗೆದ್ರೆ ಒಳಗೆ ಬೇರೆಯವರ ಟಿಫಿನ್ ಡಬ್ಬಿ, ಒದ್ದೆ ಛತ್ರಿ. ಕೇಸ್ ಆಗುತ್ತಾ?
ಓದುಗರು, ಡೊಂಬಿವಲಿ

ಉತ್ತರ: ಗಾಬರಿ ಆಗ್ಬೇಡಿ. ಭಾರತೀಯ ನ್ಯಾಯ ಸಂಹಿತೆ ಸೆಕ್ಷನ್ 303ರ ಪ್ರಕಾರ ಕಳ್ಳತನಕ್ಕೆ ಅಪ್ರಾಮಾಣಿಕ ಉದ್ದೇಶ ಬೇಕು, ನಿಮ್ಮ ಮನಸ್ಸಲ್ಲಿ ಅದಿರ್ಲಿಲ್ಲ. ಆದ್ರೆ ಗೊತ್ತಾದ್ಮೇಲೂ ದುರುದ್ದೇಶದಿಂದ ಇಟ್ಕೊಂಡ್ರೆ ಸೆಕ್ಷನ್ 314, ಅಂದ್ರೆ ಬೇರೆಯವರ ವಸ್ತುನ ಅಪ್ರಾಮಾಣಿಕವಾಗಿ ತನ್ನದು ಮಾಡ್ಕೊಂಡ ಅಪರಾಧ ಬರುತ್ತೆ, ಅದಕ್ಕೇ ಇವತ್ತೇ ಹೋಗಿ ರೈಲ್ವೆ ಪೊಲೀಸರಿಗೆ ಕೊಟ್ಟು ಬರೆಸ್ಕೊಂಡು ಬನ್ನಿ. ಹಾಗಂತ ಗೊತ್ತಿರ್ಲಿಲ್ಲ ಅನ್ನೋದು ಎಲ್ಲಾ ಕಡೆ ನಡೆಯಲ್ಲ. 1962ರಲ್ಲಿ ನಮ್ಮ ಮುಂಬೈ ಸಾಂತಾಕ್ರೂಜ್ ಏರ್‌ಪೋರ್ಟ್‌ನಲ್ಲಿ ಮನಿಲಾಗೆ ಹೊರಟಿದ್ದ ಪ್ರಯಾಣಿಕ ಒಬ್ಬ ಜಾಕೆಟ್ ಒಳಗೆ 34 ಕಿಲೋ ಚಿನ್ನ ಇಟ್ಕೊಂಡು ಸಿಕ್ಕಿಬಿದ್ದ, ಚಿನ್ನ ತರೋದರ ಬಗ್ಗೆ ಬಂದಿದ್ದ ಹೊಸ ರೂಲ್ ಗೊತ್ತೇ ಇರ್ಲಿಲ್ಲ ಅಂದ, ಹೈಕೋರ್ಟ್ ಬಿಟ್ಟಿತ್ತು, ಸುಪ್ರೀಂ ಕೋರ್ಟ್ ಮಾತ್ರ ಈ ವಿದೇಶಿ ವಿನಿಮಯ ಕಾನೂನಲ್ಲಿ ಮನಸ್ಸಿನ ಉದ್ದೇಶ ನೋಡ್ಬೇಕಿಲ್ಲ ಅಂತ ತಪ್ಪಿತಸ್ಥ ಅಂದ್ಬಿಡ್ತು. ನನಗೆ ಇವತ್ತಿಗೂ ಅದು ಕಠಿಣ ಅನ್ಸುತ್ತೆ.