ಸೆಕೆ, ತೇವ ಎರಡೂ ಇರೋ ಕಡೆ ವರ್ಷಪೂರ್ತಿ ಲಾನ್ ನೋಡ್ಕೊಳ್ಳೋದು ಹೇಗೆ?

ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಜಾರು ಮಾಡ್ಕೋಬೇಡಿ, ಇದೇ ಪ್ರಶ್ನೆ ಹಿಡ್ಕೊಂಡು ನಾನೂ ಎರಡು ವರ್ಷ ತಲೆ ಕೆಡಿಸ್ಕೊಂಡಿದ್ದೆ. ಸೆಕೆ ಮತ್ತೆ ತೇವ ಜಾಸ್ತಿ ಇರೋ ಜಾಗ, ಬೇಸಿಗೇಲಿ ಲಾನ್ ಒಣಗತ್ತೆ, ಮಳೆಗಾಲದಲ್ಲಿ ಅಲ್ಲಲ್ಲಿ ಕೊಳೆತ ಮಚ್ಚೆ ಬೀಳತ್ತೆ, ಯಾವ ತಿಂಗಳು ಏನು ಮಾಡ್ಬೇಕು ಅಂತ ಒಂದು ಚಾರ್ಟ್ ಕೊಡಿ ಅಂದಿದೀರ. ಚಾರ್ಟ್ ನನ್ನ ಹತ್ರನೂ ಇತ್ತು ಸ್ವಾಮಿ, ಮೋವರ್ ಇಡೋ ಶೆಡ್ಡಿನ ಬಾಗಿಲಿಗೇ ಅಂಟಿಸಿದ್ದೆ. ಒಂದ್ಸಲ ಮಳೆ ಶುರುವಾಗೋ ಹೊತ್ತಿಗೆ ಚಾರ್ಟಲ್ಲಿ ಗೊಬ್ಬರದ ವಾರ ಬಂತು, ಆಕಾಶದ ಕಡೆ ಕತ್ತೆತ್ತಿ ನೋಡದೆ ಯೂರಿಯಾ ಎರಚಿದೆ, ಅಳತೆ ಇಲ್ಲ ಏನಿಲ್ಲ, ಒಂದು ಹಿಡಿ ಜಾಸ್ತಿನೇ ಬಿತ್ತು ಅನ್ಕೊಳ್ಳಿ. ಮಾರನೇ ದಿನದಿಂದ ಐದು ದಿನ ಬಿಡದೆ ಮಳೆ. ಹತ್ತನೇ ದಿನಕ್ಕೆ ಲಾನ್ ಕಣ್ಣು ಕುಕ್ಕೋ ಹಸಿರು, ನಾನಂತೂ ಫೋಟೋ ತೆಗೆದು ಎಲ್ಲರಿಗೂ ಕಳಿಸಿದ್ದೆ. ಇನ್ನೊಂದು ವಾರಕ್ಕೆ ಮಂಡಿಯೂರಿ ನೋಡ್ತೀನಿ, ಎಲೆ ಮೇಲೆ ಬೂದಿ ಬಣ್ಣದ ಸಣ್ಣ ಸಣ್ಣ ಚುಕ್ಕೆ, ಸುತ್ತ ಕಂದು ಅಂಚು, ಕಾದ ಸೂಜಿ ತಾಗಿಸಿದ ಹಾಗೆ. ಗ್ರೇ ಲೀಫ್ ಸ್ಪಾಟ್. ಭತ್ತಕ್ಕೆ ಬೆಂಕಿ ರೋಗ ತರತ್ತಲ್ಲ, ಆ ಪೈರಿಕ್ಯುಲೇರಿಯಾ ಶಿಲೀಂಧ್ರದ ಕುಲದ್ದೇ ಇದು. ಸಾರಜನಕ ಉಂಡು ಸೊಂಪಾಗಿ ಬಂದ ಎಳೇ ಎಲೆ, ಮೇಲೆ ದಿನಗಟ್ಟಲೆ ಒದ್ದೆ, ಅದಕ್ಕೆ ಇನ್ನೇನು ಬೇಕು ಹೇಳಿ.

ಅವತ್ತೇ ಚಾರ್ಟ್ ಕಿತ್ತು ಹಾಕಿದೆ. ಈಗ ಏನೇ ಮಾಡೋ ಮುಂಚೆ ಎರಡೇ ವಿಷಯ ನೋಡ್ತೀನಿ, ಹುಲ್ಲು ಈಗ ಬೆಳೀತಾ ಇದ್ಯಾ, ಎಲೆ ದಿನಕ್ಕೆ ಎಷ್ಟು ಹೊತ್ತು ಒದ್ದೆ ಇರತ್ತೆ. ಸೀಸನ್ ಪ್ರಕಾರ ಹೇಳ್ತೀನಿ, ಆದ್ರೆ ಈ ಎರಡನ್ನ ಮನಸ್ಸಲ್ಲಿಟ್ಕೊಂಡೇ ಓದಿ.

ಮೊದ್ಲು ನಿಮ್ಮದು ಯಾವ ಹುಲ್ಲು ಅಂತ ಗೊತ್ತಿರ್ಬೇಕು. ಸೆಕೆ ಜಾಗದಲ್ಲಿ ಬದುಕೋವು ಬರ್ಮುಡಾ ಅಂದ್ರೆ ನಮ್ಮ ಗರಿಕೆನೇ, ಜೋಯ್ಸಿಯಾ, ಸೇಂಟ್ ಆಗಸ್ಟೀನ್, ಸೆಂಟಿಪೀಡ್, ಅಗಲ ಎಲೆಯ ಕಾರ್ಪೆಟ್ ಗ್ರಾಸ್, ಇಂಥವು. ಇವಕ್ಕೆ 27ರಿಂದ 35 ಡಿಗ್ರಿ ಅಂದ್ರೆ ಹಬ್ಬ, ಮಣ್ಣು ತಣ್ಣಗಾಗ್ತಾ ಬಂದ ಹಾಗೆ ನಿಧಾನ ಆಗ್ತವೆ, ಸುಮಾರು 10-12 ಡಿಗ್ರಿಗೆ ಇಳಿದ್ರೆ ಕಂದಾಗಿ ಮಲಗಿಬಿಡ್ತವೆ. ಗರಿಕೆಗೆ ದಿನಕ್ಕೆ ಆರು ಗಂಟೆಗಿಂತ ಕಮ್ಮಿ ಬಿಸಿಲು ಬೀಳೋ ಕಡೆ ಎಷ್ಟು ಗೊಬ್ಬರ ಸುರಿದ್ರೂ ಅದು ತೆಳ್ಳಗೇ ಇರತ್ತೆ, ಮರದ ಕೆಳಗೆ ಸೇಂಟ್ ಆಗಸ್ಟೀನ್ ಅಥವಾ ಜೋಯ್ಸಿಯಾ ವಾಸಿ, ಪೂರ್ತಿ ನೆರಳಿದ್ರೆ ಲಾನ್ ಆಸೆನೇ ಬಿಟ್ಟು ಬೇರೆ ಗಿಡ ಹಾಕಿ. ಇದನ್ನ ಯಾರೂ ಒಪ್ಪಲ್ಲ, ಮೂರು ಸಲ ಹುಲ್ಲು ಹಾಸಿ ದುಡ್ಡು ಕಳ್ಕೊಂಡ ಮೇಲೆ ಒಪ್ತಾರೆ.

ಚಳಿ ಕಳೆದು ಬಿಸಿಲು ಏರೋ ಹೊತ್ತಿಗೆ ತಾಳ್ಮೆ ಬೇಕು. ನಾಲ್ಕು ಹಸಿರು ಚಿಗುರು ಕಂಡ ತಕ್ಷಣ ಗೊಬ್ಬರದ ಚೀಲ ಬಿಚ್ಬೇಡಿ, ಆಗ ಹಾಕಿದ್ದು ಹುಲ್ಲಿಗಿಂತ ಮುಂಚೆ ಕಳೆಗೆ ಹೋಗತ್ತೆ. ಅರ್ಧಕ್ಕಿಂತ ಜಾಸ್ತಿ ಹಸಿರಾಗಿ ಎರಡು ಮೂರು ಸಲ ಕತ್ತರಿಸಿ ಆದ್ಮೇಲೆ ಹಾಕಿ. ಅಳತೆ ಕೇಳೋದಾದ್ರೆ ಒಂದು ಚದರ ಮೀಟರಿಗೆ ಒಂದ್ಸಲಕ್ಕೆ 5 ಗ್ರಾಂ ಸಾರಜನಕ ಮೇಲ್ಮಿತಿ. ಯೂರಿಯಾದಲ್ಲಿ 46 ಪರ್ಸೆಂಟ್ ಸಾರಜನಕ ಇರತ್ತೆ, ಅಂದ್ರೆ 11 ಗ್ರಾಂ ಯೂರಿಯಾ ಅಷ್ಟೇ, ಅಂಗೈ ಗುಳಿಯಲ್ಲಿ ಹಿಡಿಯೋಷ್ಟು. ನಾನು ಅದರಲ್ಲೂ ಅರ್ಧರ್ಧ ಮಾಡಿ ಎರಡು ಸಲ ಹಾಕ್ತೀನಿ, ಎಲೆ ಮೇಲೆ ತೇವ ಇಲ್ಲದಾಗ ಹಾಕಿ ತಕ್ಷಣ ನೀರು ಕೊಡ್ತೀನಿ, ಇಲ್ಲಾಂದ್ರೆ ಎಲೆ ಸುಟ್ಟು ಪಟ್ಟೆ ಪಟ್ಟೆ ಕಾಣತ್ತೆ. ನಿಧಾನಕ್ಕೆ ಕರಗೋ ಗೊಬ್ಬರ ಸಿಕ್ಕಿದ್ರೆ ಈ ತಲೆನೋವೇ ಇಲ್ಲ. ಸೆಂಟಿಪೀಡಿಗೆ ಮಾತ್ರ ಇಷ್ಟೂ ಬೇಡ, ಅದು ಬಡವರ ಮನೆ ಮಗು ಇದ್ದ ಹಾಗೆ, ಜಾಸ್ತಿ ಉಣ್ಣಿಸಿದ್ರೇ ಕಾಯಿಲೆ.

ಕೆದಕೋದು, ತೂತು ಹಾಕೋದು ಇವೆಲ್ಲ ಕೂಡ ಹುಲ್ಲು ಜೋರಾಗಿ ಬೆಳೆಯೋ ಟೈಮಲ್ಲೇ ಆಗ್ಬೇಕು, ಯಾಕಂದ್ರೆ ಗಾಯ ಮಾಯೋಕೆ ಅದಕ್ಕೆ ಶಕ್ತಿ ಇರ್ಬೇಕು. ಓಡಾಡಿ ಗಟ್ಟಿಯಾದ ಮಣ್ಣಲ್ಲಿ ಏಳೆಂಟು ಸೆಂಟಿಮೀಟರ್ ಆಳಕ್ಕೆ ಮಣ್ಣಿನ ಬಿಲ್ಲೆ ಹೊರಗೆ ಬರೋ ಥರ ತೂತು ಹಾಕಿ, ಬರೀ ಮೊಳೆ ಚುಚ್ಚಿದ್ರೆ ಮಣ್ಣು ಪಕ್ಕಕ್ಕೆ ಇನ್ನೂ ಒತ್ತಿಕೊಳ್ಳತ್ತೆ, ಆ ಮೊಳೆ ಚಪ್ಪಲಿ ಹಾಕ್ಕೊಂಡು ನಡೆಯೋದು ನೋಡೋಕೆ ಚೆಂದ ಅಷ್ಟೇ. ಆಮೇಲೆ ಜರಡಿ ಹಿಡಿದ ಕಾಂಪೋಸ್ಟ್ ಅರ್ಧ ಸೆಂಟಿಮೀಟರ್ ಹರಡಿ, ಎಲೆ ತುದಿ ಮೇಲೆ ಕಾಣ್ತಿರ್ಬೇಕು. ಹಸಿರು ಎಲೆಗೂ ಮಣ್ಣಿಗೂ ಮಧ್ಯೆ ಸ್ಪಂಜಿನ ಥರ ಒಣ ಕಾಂಡ ಬೇರಿನ ಪದರ ಕೂತಿರತ್ತಲ್ಲ, ಥ್ಯಾಚ್ ಅಂತಾರೆ, ಅದು ಒಂದು ಸೆಂಟಿಮೀಟರ್ ಮೇಲೆ ದಪ್ಪ ಆಯ್ತು ಅಂದ್ರೆ ಕೆದಕಿ ತೆಗೀರಿ. ಕತ್ತರಿಸಿದ ಹುಲ್ಲು ಅಲ್ಲೇ ಬಿಟ್ರೆ ಥ್ಯಾಚ್ ಆಗತ್ತೆ ಅಂತ ಒಂದು ನಂಬಿಕೆ ಇದೆ, ತಪ್ಪು. ಕತ್ತರಿಸಿದ ಎಲೇಲಿ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ನೀರೇ ಇರೋದು, ಬೇಗ ಕರಗಿ ಗೊಬ್ಬರ ಆಗತ್ತೆ. ರೋಗ ಇದ್ದಾಗ, ಇಲ್ಲಾ ಗುಪ್ಪೆ ಗುಪ್ಪೆಯಾಗಿ ಬಿದ್ದಾಗ ಮಾತ್ರ ಬಾಚಿ ಹಾಕಿ.

ಇನ್ನು ಸುಡು ಬೇಸಿಗೆ. ಇಲ್ಲಿ ಜನ ಮಾಡೋ ತಪ್ಪು ಒಂದೇ, ದಿನಾ ಸಾಯಂಕಾಲ ಪೈಪ್ ಹಿಡ್ಕೊಂಡು ಹತ್ತು ನಿಮಿಷ ಮುಖ ತೊಳೆಸಿದ ಹಾಗೆ ನೀರು ಚಿಮುಕಿಸೋದು. ಅದರಿಂದ ಬೇರು ಮೇಲ್ಗಡೆನೇ ಉಳಿಯತ್ತೆ, ಎಲೆ ರಾತ್ರಿಯಿಡೀ ಒದ್ದೆ. ವಾರಕ್ಕೆ ಸುಮಾರು 25 ಮಿಲಿಮೀಟರ್ ನೀರು ಸಾಕು, ಮಳೆ ಬಂದ್ರೆ ಅದನ್ನೂ ಸೇರಿಸಿ. ಚದರ ಮೀಟರಿಗೆ 25 ಲೀಟರ್ ಅಂತ ಲೆಕ್ಕ. ಅದನ್ನ ವಾರದಲ್ಲಿ ಎರಡು ಸಲ, ಮರಳು ಮಣ್ಣಾದ್ರೆ ಮೂರು ಸಲ, ಬೆಳಗಿನ ಜಾವ ಕೊಡಿ. ಸ್ಪ್ರಿಂಕ್ಲರ್ ಇದ್ರೆ ನಾಲ್ಕೈದು ಖಾಲಿ ಡಬ್ಬ ಲಾನಿನ ಬೇರೆ ಬೇರೆ ಕಡೆ ಇಟ್ಟು ಇಪ್ಪತ್ತು ನಿಮಿಷ ಓಡಿಸಿ ಸ್ಕೇಲಲ್ಲಿ ಅಳೀರಿ, ನಾನು ಹಾಗೆ ಅಳೆದಾಗ ಒಂದು ಡಬ್ಬದಲ್ಲಿ 12 ಮಿಲಿಮೀಟರ್, ಮೂಲೆ ಡಬ್ಬದಲ್ಲಿ 3. ಆ ಮೂಲೆ ಯಾಕೆ ಒಣಗ್ತಿತ್ತು ಅಂತ ಅಷ್ಟು ದಿನ ಹುಳ ಹುಡುಕ್ತಿದ್ದೆ! ನೀರು ಯಾವಾಗ ಕೊಡ್ಬೇಕು ಅಂತ ಹುಲ್ಲೇ ಹೇಳತ್ತೆ, ನಡೆದು ಹೋಗಿ ಹಿಂದೆ ತಿರುಗಿ ನೋಡಿ, ಹೆಜ್ಜೆ ಗುರುತು ಹಾಗೇ ಉಳಿದಿದ್ರೆ, ಹಸಿರು ಹೋಗಿ ನೀಲಿ ಮಿಶ್ರ ಬೂದು ಬಣ್ಣ ಬಂದು ಎಲೆ ಮಡಚ್ಕೊಂಡಿದ್ರೆ ಬಾಯಾರಿದೆ ಅಂತರ್ಥ. ಹುಲ್ಲು ಪಟ್ ಅಂತ ಎದ್ದು ನಿಂತ್ರೆ ಇವತ್ತು ಬೇಡ.

ಕತ್ತರಿಸೋದ್ರಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಒಂದೇ ಸಲಕ್ಕೆ ತೆಗೀಬೇಡಿ. ಗರಿಕೆ, ಜೋಯ್ಸಿಯಾ ಎರಡೂವರೆಯಿಂದ ಐದು ಸೆಂಟಿಮೀಟರ್, ಸೇಂಟ್ ಆಗಸ್ಟೀನ್ ಏಳೆಂಟು ಸೆಂಟಿಮೀಟರ್ ಉಳಿಬೇಕು. ಬಿಸಿಲು ಜಾಸ್ತಿ ಇದ್ದಾಗ, ನೆರಳಿದ್ದಾಗ ಇನ್ನೂ ಸ್ವಲ್ಪ ಎತ್ತರ ಬಿಡಿ. ಮೋವರ್ ಓಡಿಸಿದ ಮಾರನೇ ದಿನ ಲಾನ್ ಮೇಲೆ ಒಂಥರಾ ಬಿಳಿಚಿದ ಪೊರೆ ಕಂಡ್ರೆ ಒಂದು ಎಲೆ ಕಿತ್ತು ತುದಿ ನೋಡಿ, ನಾರು ನಾರಾಗಿ ಹರಿದಿದ್ರೆ ಅದು ರೋಗ ಅಲ್ಲ, ನಿಮ್ಮ ಬ್ಲೇಡ್ ಮೊಂಡಾಗಿದೆ.

ಮಳೆಗಾಲ. ಅಸಲಿ ಪರೀಕ್ಷೆ ಇದೇ, ಎಲ್ರೂ ಬೇಸಿಗೆಗೆ ಹೆದರ್ತಾರೆ, ಆದ್ರೆ ನಾನು ನೋಡಿದ ಹಾಗೆ ತೇವ ಇರೋ ಕಡೆ ಲಾನ್ ಹಾಳಾಗೋದು ಮಳೇಲಿ. ಹುಲ್ಲು ಜೋರು ಬೆಳೆಯತ್ತೆ, ಮಳೆ ಬಿಡಲ್ಲ, ಕತ್ತರಿಸೋಕೆ ಆಗಲ್ಲ, ಅಷ್ಟರಲ್ಲಿ ಮೊಣಕಾಲವರೆಗೆ ಬಂದಿರತ್ತೆ, ಎರಡು ಗಂಟೆ ಬಿಸಿಲು ಬಂತು ಅಂತ ಬುಡಕ್ಕೆ ಇಳಿಸಿ ಹೊಡೀತೀವಿ, ಕೆಳಗಿನ ಹಳದಿ ಕಾಂಡ ಬಯಲಾಗತ್ತೆ, ಮತ್ತೆ ಮಳೆ, ಅಲ್ಲಿಗೆ ಮುಗೀತು. ಹಾಗಾದಾಗ ಮೋವರ್ ಎತ್ತರದ ಸೆಟ್ಟಿಂಗಲ್ಲಿ ಒಂದ್ಸಲ ಓಡಿಸಿ, ನಾಲ್ಕು ದಿನ ಬಿಟ್ಟು ಇನ್ನೊಂದು ಮೆಟ್ಟಿಲು ಇಳಿಸಿ. ಒದ್ದೆ ಇದ್ದಾಗ ಓಡಿಸಲೇಬೇಡಿ, ಚಕ್ರದ ಗುಂಡಿ ಬೀಳತ್ತೆ, ರೋಗ ಇದ್ರೆ ಬ್ಲೇಡೇ ಊರೆಲ್ಲಾ ಹಂಚತ್ತೆ. ಮಳೆಗಾಲದ ಮಧ್ಯೆ ಯೂರಿಯಾ ಬೇಡ, ಜೋರು ಮಳೆಗೆ ಅರ್ಧ ಕೊಚ್ಕೊಂಡು ಹೋಗತ್ತೆ, ಉಳಿದ ಅರ್ಧ ರೋಗಕ್ಕೆ ಊಟ. ಹಳದಿ ಆಗಿದೆಯಲ್ಲ ಅಂತ ಸಂಕಟ ಆದ್ರೆ ಯಾವ ಎಲೆ ಹಳದಿ ಅಂತ ನೋಡಿ, ಹಳೇ ಎಲೆ ಮೊದಲು ಹಳದಿ ಆದ್ರೆ ಸಾರಜನಕ ಕಮ್ಮಿ, ಹೊಸ ಚಿಗುರೇ ಹಳದಿ ಬಂದು ನರ ಮಾತ್ರ ಹಸಿರಿದ್ರೆ ಕಬ್ಬಿಣದ ಕೊರತೆ. ಕಬ್ಬಿಣ ಸಿಂಪಡಿಸಿದ್ರೆ ಸೊಂಪಾಗಿ ಬೆಳೆಸದೇನೇ ಹಸಿರು ಕೊಡತ್ತೆ, ಆದ್ರೆ ಸಿಮೆಂಟ್ ನೆಲದ ಮೇಲೆ ಬಿದ್ರೆ ತುಕ್ಕಿನ ಕಲೆ ಹೋಗಲ್ಲ, ಅನುಭವದ ಮಾತು. ನೀರು ನಿಲ್ಲೋ ತಗ್ಗು ಇದ್ರೆ ಗುರುತು ಹಾಕಿಡಿ, ಮಳೆ ನಿಂತ ಮೇಲೆ ಅದನ್ನ ಸರಿ ಮಾಡದೆ ಔಷಧಿ ಹೊಡೆಯೋದು ದುಡ್ಡು ದಂಡ.

ಇದೇ ಟೈಮಲ್ಲಿ ಕೊನ್ನಾರಿ ಗಡ್ಡೆ ಬರತ್ತೆ, ಜೇಕು ಅಂತಾರಲ್ಲ ಅದು. ಲಾನ್ ಕತ್ತರಿಸಿದ ಎರಡೇ ದಿನಕ್ಕೆ ಉಳಿದ ಹುಲ್ಲಿಗಿಂತ ಎತ್ತರ ಎದ್ದು ನಿಲ್ಲತ್ತೆ, ಹೂಗೊಂಚಲಿನ ದಂಟನ್ನ ಬೆರಳ ಮಧ್ಯೆ ಉರುಳಿಸಿದ್ರೆ ಮೂರು ಮೂಲೆ ಸಿಗತ್ತೆ, ಹುಲ್ಲು ದುಂಡಗಿರತ್ತೆ. ಒಂದ್ಸಲ ಕಿತ್ರೆ ಗಡ್ಡೆ ಒಳಗೇ ಉಳಿದು ಮತ್ತೆ ಬರತ್ತೆ, ಎಳೇದಿದ್ದಾಗ್ಲೇ ಬಿಡದೆ ಕೀಳ್ತಾ ಇರ್ಬೇಕು, ವಿಪರೀತ ಆದ್ರೆ ಹ್ಯಾಲೋಸಲ್ಫ್ಯೂರಾನ್ ಥರದ ಕಳೆನಾಶಕ ನೋಡಿ, ನಿಮ್ಮ ಹುಲ್ಲಿನ ಹೆಸರು ಲೇಬಲ್ ಮೇಲೆ ಇದ್ರೆ ಮಾತ್ರ. ಗ್ಲೈಫೋಸೇಟ್ ಹೊಡೆದ್ರೆ ಲಾನೂ ಸೇರಿ ಹೋಗತ್ತೆ.

ಮಳೆ ಕಳೆದು ತಂಪು ಬರೋವಾಗ ಸಾರಜನಕ ನಿಲ್ಲಿಸಿ, ಮಣ್ಣು ಪರೀಕ್ಷೆ ಮಾಡಿಸಿ, ಪೊಟ್ಯಾಶ್ ಕಮ್ಮಿ ಇದ್ರೆ ಹಾಕಿ. ಜೋರು ಮಳೆ ಜಾಗದ ಮಣ್ಣು ವರ್ಷ ಕಳೆದ ಹಾಗೆ ಹುಳಿಯಾಗತ್ತೆ, ಪಿಎಚ್ 6ರಿಂದ 6.5 ಇದ್ರೆ ಸಾಕು, ಅದಕ್ಕಿಂತ ತುಂಬಾ ಕೆಳಗೆ ಬಂದಿದ್ರೆ ಸುಣ್ಣ, ಆದ್ರೆ ಪರೀಕ್ಷೆ ಇಲ್ದೆ ಸುಣ್ಣ ಬೇಡ. ಚಳೀಲಿ ಹುಲ್ಲು ಮಂಕಾದ್ರೆ ಮಂಕಾಗ್ಲಿ ಬಿಡಿ, ನೀರು ಕಮ್ಮಿ ಮಾಡಿ, ಕೆದಕ್ಬೇಡಿ.

ಈಗ ನಿಮ್ಮ ಕೊಳೆತ ಮಚ್ಚೆ ವಿಷಯಕ್ಕೆ ಬರ್ತೀನಿ, ಶಿಲೀಂಧ್ರನಾಶಕ ತರೋ ಮುಂಚೆ ಐದು ನಿಮಿಷ ಇದು ಮಾಡಿ. ಮಚ್ಚೆ ನಡುವೆ ಬೇಡ, ಅಂಚಲ್ಲಿ ಕೂತ್ಕೊಳ್ಳಿ, ಅಲ್ಲಿ ಕಾಯಿಲೆ ಇನ್ನೂ ಜೀವಂತ ಇರತ್ತೆ. ಎಲೆ ಹಿಡಿದು ಮೆಲ್ಲಗೆ ಎಳೀರಿ. ಬುಡದಿಂದ ಸಲೀಸಾಗಿ ಜಾರಿ ಬಂದು ಬುಡ ಕಂದಾಗಿ ಕೊಳೆತಿದ್ರೆ ರೈಜೋಕ್ಟೋನಿಯಾ ಅನ್ನೋ ಶಿಲೀಂಧ್ರ, ಅದು ಬಿರು ಬಿಸಿಲಲ್ಲಿ ಅಲ್ಲ, ತಂಪು ತೇವದ ದಿನಗಳಲ್ಲಿ ದುಂಡಗೆ ಹರಡತ್ತೆ. ಎಲೆ ಬುಡ ಗಟ್ಟಿ ಇದೆ, ಬೂದಿ ಚುಕ್ಕೆ ಇದೆ ಅಂದ್ರೆ ನನ್ನ ಕಥೆನೇ. ಕೈ ತುಂಬ ಹುಲ್ಲು ಚಾಪೆ ಸುತ್ತಿದ ಹಾಗೆ ಎದ್ದು ಬಂತು, ಕೆಳಗೆ ಬೇರೇ ಇಲ್ಲ ಅಂದ್ರೆ ಗೊಣ್ಣೆ ಹುಳ, ಒಂದಡಿ ಚೌಕ ಅಗೆದು ಎಣಿಸಿ, ಬೆಳ್ಳಗೆ ಕೊಂಕಿ ಮಲಗಿರೋವು ಒಂದೆರಡು ಇದ್ರೆ ಬಿಡಿ, ಎಂಟ್ಹತ್ತು ಇದ್ರೆ ಔಷಧಿ ಯೋಚ್ನೆ ಮಾಡಿ. ಬೇರು ಗಟ್ಟಿ, ಎಲೆ ಮಾತ್ರ ಕಚ್ಚಿ ತಿಂದ ಹಾಗಿದ್ರೆ 4 ಲೀಟರ್ ನೀರಿಗೆ ಎರಡು ದೊಡ್ಡ ಚಮಚ ಪಾತ್ರೆ ತೊಳೆಯೋ ಲಿಕ್ವಿಡ್ ಕಲಸಿ ಒಂದು ಚದರ ಮೀಟರ್ ಜಾಗಕ್ಕೆ ಹುಯ್ಯಿರಿ, ಲದ್ದಿ ಹುಳ ಇದ್ರೆ ಹತ್ತು ನಿಮಿಷದಲ್ಲಿ ತೆವಳ್ಕೊಂಡು ಮೇಲೆ ಬರ್ತವೆ. ಎಳೆದಾಗ ಏನು ಬಂತು, ಎಲೆ ಅಗಲ ಎಷ್ಟು, ಬಿಸಿಲು ಎಷ್ಟೊತ್ತು ಬೀಳತ್ತೆ ಅಂತ ಕೆಳಗೆ ಬರೀರಿ, ಅದನ್ನ ನೋಡಿ ಮುಂದಿಂದು ಹೇಳ್ತೀನಿ.