ಖಯಾಮಿಯಾ ತೇಪೆಯ ಅಂಚು ಎಳೆ ಬಿಡುತ್ತಿದ್ದರೆ
ಬಟ್ಟೆಯ ಮೇಲೆ ಬಣ್ಣಬಣ್ಣದ ಬಟ್ಟೆ ತುಂಡುಗಳನ್ನು ಹೊಲಿದು ಚಿತ್ತಾರ ಮೂಡಿಸುವ ಈಜಿಪ್ಟಿನ ಕಲೆಯೇ ಖಯಾಮಿಯಾ. ನಿಮ್ಮ ಖಯಾಮಿಯಾ ಕಲಾಕೃತಿಯ ತೇಪೆಗಳು ಅಂಚಿನಲ್ಲಿ ಎಳೆ ಬಿಟ್ಟು ಸುಕ್ಕಾಗಲು ಬಹುಶಃ ಎರಡು ಕಾರಣ: ತುಂಡುಗಳನ್ನು ಗೆರೆಯ ಮೇಲೆಯೇ ಕತ್ತರಿಸಿದ್ದೀರಿ, ಹಿಂಬದಿಯ ಬಟ್ಟೆಯೂ ತೆಳುವಾಗಿದೆ. ಕೈರೋದ ಬಾಬ್ ಜುವೈಲಾ ಹೆಬ್ಬಾಗಿಲ ಬಳಿಯ ಡೇರೆಗಾರರ ಬೀದಿಯಲ್ಲಿ ದಪ್ಪ ಕ್ಯಾನ್ವಾಸ್ ಮೇಲೆ ಹೊಲಿಯುತ್ತಾರೆ. ಮೊದಲು ಅದನ್ನು ತನ್ನಿ. ವಿನ್ಯಾಸದ ಕಾಗದವನ್ನು ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿ, ಮೇಲೆ ಪುಡಿ ಉಜ್ಜಿ ನಕಲಿಳಿಸಿ; ಚಿತ್ರ ಎಷ್ಟೇ ಆಧುನಿಕವಾಗಿರಲಿ, ಈ ಹಂತ ಬಿಡಬೇಡಿ. ತೇಪೆಯನ್ನು ಗೆರೆಯಿಂದ ಅರ್ಧ ಸೆಂಟಿಮೀಟರ್ ಹೊರಗೆ ಕತ್ತರಿಸಿ. ಸೂಜಿಯ ಮೊನೆಯಿಂದಲೇ ಅಂಚನ್ನು ಸ್ವಲ್ಪಸ್ವಲ್ಪವಾಗಿ ಒಳಗೆ ಮಡಿಸುತ್ತಾ, ಮಡಿಕೆಯ ತುದಿಯ ಒಂದೆರಡು ಎಳೆ ಮಾತ್ರ ಹಿಡಿದು ಹೊಲಿಯಿರಿ. ಆಗ ದಾರ ಕಾಣುವುದಿಲ್ಲ. ಒಳಬಾಗಿದ ತಿರುವುಗಳಲ್ಲಿ ಅಂಚಿಗೆ ಪುಟ್ಟ ಕಚ್ಚು ಹಾಕಿ. ದಯವಿಟ್ಟು ಅಂಟು ಬಳಸಬೇಡಿ. ಬಟ್ಟೆಯಲ್ಲಿ ಪಾಲಿಯೆಸ್ಟರ್ ಬೆರೆತಿದ್ದರೆ ಮಡಿಕೆ ನಿಲ್ಲದಿರಬಹುದು. ಶುದ್ಧ ಹತ್ತಿಯ ಗೇಣುದ್ದದ ತುಂಡಿನಲ್ಲಿ ಇವತ್ತೇ ಒಮ್ಮೆ ಪ್ರಯತ್ನಿಸಿ ನೋಡಿ.