ಸಂಪಾದಕರ ಉತ್ತರ: ತೆರೆಯದ ಕೊಂಡಿಗಳು, ಓದಲಾಗದ ಕಡತ

ಮಾನ್ಯರೇ,

ಶಿರಸಿಯಿಂದ ತಾವು ಬರೆದ ದೀರ್ಘ ಪತ್ರ ತಲುಪಿದೆ. ಇತರ ಓದುಗರ ಅನುಕೂಲಕ್ಕಾಗಿ ಅದರ ಸಾರವನ್ನು ಮೊದಲು ಹೇಳುತ್ತೇನೆ. ಅಧ್ಯಾಪಕ ವೃತ್ತಿಯಿಂದ ನಿವೃತ್ತರಾದ ತಾವು ಅಂತರಜಾಲದಲ್ಲಿ ಕಣ್ಣಿಗೆ ಬಿದ್ದ ಸ್ವಾರಸ್ಯಕರ ಬರಹಗಳನ್ನು ‘ಪಾಕೆಟ್’ ಎಂಬ ಸೇವೆಯಲ್ಲಿ ಕೂಡಿಡುತ್ತ ಬಂದಿದ್ದಿರಿ. 2025ರ ಜುಲೈ 8ರಂದು ಆ ಸೇವೆ ನಿಂತಿತು. ಅದಕ್ಕೂ ಮುನ್ನ ಇಳಿಸಿಕೊಂಡ ಪಟ್ಟಿಯಲ್ಲಿ ಶೀರ್ಷಿಕೆ, ವಿಳಾಸ ಮತ್ತು ಅರ್ಥವಾಗದ ಒಂದು ಹತ್ತಂಕಿಯ ಸಂಖ್ಯೆ ಮಾತ್ರ ಇವೆ. ವಿಳಾಸಗಳಲ್ಲಿ ಅನೇಕವು ತೆರೆಯುತ್ತಿಲ್ಲ. ಇದರ ಜೊತೆಗೆ, ತಮ್ಮ ಶ್ರೀಮತಿಯವರು ಇದ್ದಾಗ ‘ನುಡಿ’ ಎಂಬ ಕನ್ನಡ ಬರವಣಿಗೆಯ ತಂತ್ರಾಂಶದಲ್ಲಿ ಟೈಪು ಮಾಡಿಟ್ಟ ಅಡುಗೆ ಮತ್ತು ಮನೆವಾರ್ತೆಯ ಟಿಪ್ಪಣಿಗಳು ಹೊಸ ಲ್ಯಾಪ್‌ಟಾಪಿನಲ್ಲಿ ಬರೀ ವಿಚಿತ್ರ ಚಿಹ್ನೆಗಳಾಗಿ ಕಾಣುತ್ತಿವೆ. “ಇಷ್ಟೆಲ್ಲ ಯಾಕೆ ಇಟ್ಟುಕೊಳ್ಳಬೇಕು ಅಪ್ಪಾ, ಬೇಕಾದಾಗ ಹುಡುಕಿದರೆ ಸಿಗುತ್ತದಲ್ಲ” ಎಂಬ ಮಗಳ ಮಾತಿಗೆ ಏನು ಹೇಳಬೇಕೆಂದು ಕೇಳಿದ್ದೀರಿ.

ಕೊಂಡಿಗಳ ವಿಚಾರಕ್ಕೆ ತಾವು ಎರಡು ಪುಟ ಮೀಸಲಿಟ್ಟು, ಶ್ರೀಮತಿಯವರ ಕಡತದ ಮಾತನ್ನು ಕೊನೆಯ ನಾಲ್ಕು ಸಾಲುಗಳಲ್ಲಿ ಮುಗಿಸಿದ್ದೀರಿ. ನಾನು ಈ ಕ್ರಮವನ್ನು ತಿರುವಿ ಹಾಕುತ್ತೇನೆ. ತಾವು ಮೆಚ್ಚಿದ ಲೇಖನವನ್ನು ಬೇರೆ ಯಾರಾದರೂ ಎಲ್ಲಾದರೂ ಉಳಿಸಿರುವ ಸಾಧ್ಯತೆ ಸಾಕಷ್ಟಿದೆ. ತಮ್ಮ ಮನೆಯ ಅಪ್ಪೆಮಿಡಿ ಉಪ್ಪಿನಕಾಯಿಗೆ ಎಷ್ಟು ಸಾಸಿವೆ, ಎಷ್ಟು ಉಪ್ಪು ಎಂಬ ಲೆಕ್ಕ ಮಾತ್ರ ಆ ಒಂದು ಹಳೆಯ ಕಡತವನ್ನು ಬಿಟ್ಟು ಜಗತ್ತಿನ ಇನ್ನಾವ ಜಾಗದಲ್ಲೂ ಇಲ್ಲ. ಯಾವುದರ ಪ್ರತಿ ಬೇರೆಲ್ಲೂ ಇಲ್ಲವೋ ಅದನ್ನು ಮೊದಲು ನೋಡಿಕೊಳ್ಳಬೇಕು, ಮಿಕ್ಕದ್ದಕ್ಕೆ ಕಾಲಾವಕಾಶವಿದೆ.

ಸಮಾಧಾನದ ಸಂಗತಿಯೆಂದರೆ ಆ ಕಡತ ಕೆಟ್ಟಿಲ್ಲ. ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ಯ ಹಳೆಯ ಅಕ್ಷರಶೈಲಿಗಳು (ಫಾಂಟ್‌ಗಳು) ಇಂಗ್ಲಿಷ್ ಅಕ್ಷರಗಳಿಗೂ ಯುರೋಪಿನ ಚಿಹ್ನೆಗಳಿಗೂ ಮೀಸಲಾದ ಸ್ಥಾನಗಳಲ್ಲಿ ಕನ್ನಡ ಅಕ್ಷರಗಳ ತುಣುಕುಗಳನ್ನು ಕೂರಿಸಿದ್ದವು. ಗಣಕದ ಸ್ಮೃತಿಯಲ್ಲಿ ಉಳಿಯುತ್ತಿದ್ದುದು ಇಂಗ್ಲಿಷಿನ ‘ಪಿ’. ಪರದೆಯ ಮೇಲೆ ಅದನ್ನು ‘ಕ’ ಅಕ್ಷರದ ಒಡಲಾಗಿ ಬಿಡಿಸುತ್ತಿದ್ದುದು ಅಕ್ಷರಶೈಲಿ. ಅದು ಇಲ್ಲದ ಲ್ಯಾಪ್‌ಟಾಪಿನಲ್ಲಿ ‘ಕನ್ನಡ’ ಎಂಬ ಪದ ‘ಪಿ’ಯಿಂದ ಆರಂಭವಾಗುತ್ತದೆ ಮತ್ತು ‘ನ’ ಇರಬೇಕಾದಲ್ಲಿ ಬ್ರಿಟಿಷ್ ಪೌಂಡಿನ ಗುರುತು ಕಾಣುತ್ತದೆ. ಹೆಜ್ಜೆಹೆಜ್ಜೆಗೂ ಎದುರಾಗುತ್ತದೆ ಎಂದು ತಾವು ಬರೆದಿರುವ, ತಲೆಯ ಮೇಲೆ ಓರೆ ಗೆರೆಯಿರುವ ಇಂಗ್ಲಿಷಿನ ‘ಎ’ ಬೇರೇನಲ್ಲ, ನಮ್ಮ ತಲೆಕಟ್ಟು. ಅಂಕಿಗಳು ಮಾತ್ರ ತಮ್ಮ ಜಾಗದಲ್ಲೇ ಇರುವುದರಿಂದ, ಆ ಗೊಂದಲದ ನಡುವೆಯೂ ಅಳತೆಗಳು ಈಗಲೇ ಓದಲು ಸಿಗುತ್ತಿರಬೇಕು.

ಯೂನಿಕೋಡ್ ಎಂಬ ಜಾಗತಿಕ ಸಂಕೇತ ವ್ಯವಸ್ಥೆ 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳ ಸ್ವಂತ ವಿಭಾಗವನ್ನು ಕೊಟ್ಟಿತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಎಂಬ ಕನ್ನಡ ಅಕ್ಷರಶೈಲಿಯೂ ಇತ್ತು. ಆದರೂ ನಮ್ಮ ಕಚೇರಿಗಳು, ಡಿಟಿಪಿ ಅಂಗಡಿಗಳು ಮತ್ತು, ಹೇಳಲು ಸಂಕೋಚವಿಲ್ಲ, ನಮ್ಮಂಥ ಪತ್ರಿಕೆಗಳು ಹಳೆಯ ಪದ್ಧತಿಯಲ್ಲೇ ಬಹುಕಾಲ ಮುಂದುವರಿದವು. ಆ ಕಾಲದಲ್ಲಿ ಮನೆಯಲ್ಲಿ ಕುಳಿತು ಟೈಪು ಮಾಡಿದವರು ತಮಗೆ ಸಿಕ್ಕ ಸಾಧನವನ್ನೇ ಬಳಸಿದರು.

ಆದ್ದರಿಂದ ಇಂದೇ ಮಾಡಬಹುದಾದ ಕೆಲಸವೆಂದರೆ, ಮೂಲ ಕಡತದ ಪ್ರತಿಯೊಂದನ್ನು ಪೆನ್‌ಡ್ರೈವಿಗೆ ಹಾಕಿಕೊಂಡು, ಲ್ಯಾಪ್‌ಟಾಪಿನಲ್ಲಿ ‘ನುಡಿ’ಯ ಹಳೆಯ ಅಕ್ಷರಶೈಲಿಯನ್ನು ಅಳವಡಿಸಿ ಕಡತವನ್ನು ತೆರೆಯುವುದು. ಅಕ್ಷರಗಳು ಹಿಂದಿದ್ದಂತೆಯೇ ಕಾಣುತ್ತವೆ. ಹಾಗೆ ಕಂಡ ಕೂಡಲೇ ಪಿಡಿಎಫ್ ಮಾಡಿಟ್ಟರೆ, ಅಕ್ಷರಶೈಲಿಯೂ ಅದರೊಳಗೇ ಸೇರಿಕೊಳ್ಳುವುದರಿಂದ, ಮಗಳ ಮೊಬೈಲಿನಲ್ಲಿಯೂ ಓದಬಹುದು. ಪದ ಹುಡುಕಲು ಮತ್ತು ತಿದ್ದಲು ಬರಬೇಕಾದರೆ ಯೂನಿಕೋಡಿಗೆ ಪರಿವರ್ತಿಸಬೇಕು. ಪರಿವರ್ತಕ ತಂತ್ರಾಂಶಗಳು ಉಚಿತವಾಗಿ ದೊರೆಯುತ್ತವೆ. ಆದರೆ ಪರಿವರ್ತನೆಯ ನಂತರ ಎರಡು ಕಡೆ ಕಣ್ಣಿಡಿ. ಮೊದಲನೆಯದು ಅರ್ಕಾವತ್ತು: ಹಳೆಯ ಕಡತದಲ್ಲಿ ಅದು ಕಣ್ಣಿಗೆ ಕಾಣುವ ಕ್ರಮದಲ್ಲಿ ಅಕ್ಷರದ ನಂತರ ಕುಳಿತಿರುತ್ತದೆ, ಯೂನಿಕೋಡಿನಲ್ಲಿ ಉಚ್ಚಾರದ ಕ್ರಮದಲ್ಲಿ ಮೊದಲು ಬರಬೇಕು, ಈ ಸ್ಥಾನಪಲ್ಲಟದಲ್ಲಿ ಕೆಲವೊಮ್ಮೆ ಎಡವಟ್ಟಾಗುತ್ತದೆ. ಎರಡನೆಯದು ಇಂಗ್ಲಿಷ್ ಪದಗಳು: ಟಿಪ್ಪಣಿಯ ನಡುವೆ ಔಷಧದ ಹೆಸರನ್ನೋ ಇಮೇಲ್ ವಿಳಾಸವನ್ನೋ ಇಂಗ್ಲಿಷಿನಲ್ಲಿ ಬರೆದಿದ್ದರೆ ಪರಿವರ್ತಕವು ಅದನ್ನೂ ಕನ್ನಡವೆಂದೇ ಭಾವಿಸಿ ಅಸಂಬದ್ಧ ಅಕ್ಷರಗಳನ್ನಾಗಿ ಮಾಡಬಹುದು. ಮೂಲ ಕಡತವನ್ನು ಯಾವ ಕಾರಣಕ್ಕೂ ಅಳಿಸಬೇಡಿ. ಒಂದು ಪ್ರತಿ ಶಿರಸಿಯಲ್ಲಿದ್ದರೆ ಇನ್ನೊಂದು ಮಗಳ ಮನೆಯಲ್ಲಿರಲಿ.

ಇನ್ನು ಕೊಂಡಿಗಳು. ಬೇಕಾದಾಗ ಹುಡುಕಿದರೆ ಸಿಗುತ್ತದೆ ಎಂಬ ಮಗಳ ಮಾತು ಅರ್ಧ ಸತ್ಯ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರವು 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2013ರಲ್ಲಿ ಇದ್ದ ಜಾಲಪುಟಗಳ ಪೈಕಿ ಶೇಕಡ 38ರಷ್ಟು ಹತ್ತು ವರ್ಷಗಳ ನಂತರ ಸಿಗುತ್ತಿರಲಿಲ್ಲ. ನಮ್ಮಲ್ಲಿ ಮನೆಮಾತಾಗಿದ್ದ ಆರ್ಕುಟ್ ಎಂಬ ಸಾಮಾಜಿಕ ಜಾಲತಾಣ 2014ರ ಸೆಪ್ಟೆಂಬರ್ 30ರಂದು ಮುಚ್ಚಿತು. ಇಮೇಲ್ ಚರ್ಚಾ ಬಳಗಗಳ ತಾಣವಾಗಿದ್ದ ಯಾಹೂ ಗ್ರೂಪ್ಸ್ 2020ರ ಡಿಸೆಂಬರಿನಲ್ಲಿ ಕೊನೆಗೊಂಡಿತು. ಪಾಕೆಟ್ ಕೊಟ್ಟ ಪಟ್ಟಿಯಲ್ಲಿ ಬರಹಗಳ ಪಠ್ಯ ಇರಲಿಲ್ಲ. ಹಾಗಾಗಿ ಮೂಲ ಪುಟ ಅಳಿದಲ್ಲಿ ತಮ್ಮ ಕೈಯಲ್ಲಿ ಉಳಿದದ್ದು ವಿಳಾಸವೊಂದೇ.

ಆ ಹತ್ತಂಕಿಯ ಸಂಖ್ಯೆ ಇಲ್ಲಿ ನೆರವಿಗೆ ಬರುತ್ತದೆ. ತಾವು ಬರಹವನ್ನು ಉಳಿಸಿದ ಕ್ಷಣವನ್ನು 1970ರ ಜನವರಿ 1ರಿಂದ ಎಣಿಸಿದ ಸೆಕೆಂಡುಗಳಲ್ಲಿ ಅದು ಹೇಳುತ್ತದೆ. ಎಕ್ಸೆಲ್ ಹಾಳೆಯಲ್ಲಿ ಅದನ್ನು 86,400ರಿಂದ, ಅಂದರೆ ಒಂದು ದಿನದ ಸೆಕೆಂಡುಗಳಿಂದ ಭಾಗಿಸಿ, 1970ರ ಜನವರಿ 1ಕ್ಕೆ ಕೂಡಿಸಿದರೆ ದಿನಾಂಕ ಸಿಗುತ್ತದೆ. ದಿನಾಂಕ ಯಾಕೆ ಬೇಕೆಂದರೆ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬ್ರೂಸ್ಟರ್ ಕೇಲ್ 1996ರಲ್ಲಿ ಸ್ಥಾಪಿಸಿದ ಇಂಟರ್ನೆಟ್ ಆರ್ಕೈವ್ ಎಂಬ ಸಂಸ್ಥೆಯು ಜಾಲಪುಟಗಳ ಹಳೆಯ ಪ್ರತಿಗಳನ್ನು ದಿನಾಂಕವಾರು ಇಟ್ಟುಕೊಂಡಿದೆ. ಅದರ ‘ವೇಬ್ಯಾಕ್ ಮಷೀನ್’ನಲ್ಲಿ ತೆರೆಯದ ವಿಳಾಸವನ್ನು ಕೊಟ್ಟು, ತಾವು ಉಳಿಸಿದ ದಿನಕ್ಕೆ ಹತ್ತಿರದ ಪ್ರತಿಯನ್ನು ಆರಿಸಿಕೊಂಡರೆ, ತಾವು ಅಂದು ಓದಿದ ರೂಪವೇ ಬಹುತೇಕ ಸಿಗುತ್ತದೆ. ಹಳೆಯ ಕನ್ನಡ ಪುಸ್ತಕಗಳ ಕೊಂಡಿಗಳೂ ಪಟ್ಟಿಯಲ್ಲಿವೆ ಎಂದಿದ್ದೀರಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮುಂದಾಳತ್ವದಲ್ಲಿ ಸ್ಕ್ಯಾನ್ ಆಗಿ ‘ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ’ದಲ್ಲಿದ್ದ ಅಪಾರ ಪುಸ್ತಕಗಳ ಪ್ರತಿಗಳು, ಆ ಹಳೆಯ ತಾಣ ತೆರೆಯದಾದ ಮೇಲೂ, ಇದೇ ಆರ್ಕೈವಿನಲ್ಲಿ ಲಭ್ಯವಿವೆ, ವಿಳಾಸದ ಬದಲು ಪುಸ್ತಕದ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕೊಟ್ಟು ಹುಡುಕಿ.

ಎಲ್ಲವೂ ಸಿಗುತ್ತದೆ ಎಂದು ನಂಬಿಸಲಾರೆ. ಪಾಸ್‌ವರ್ಡ್ ಕೇಳುವ ಪುಟಗಳನ್ನು ಆರ್ಕೈವ್ ಸಂಗ್ರಹಿಸುವುದಿಲ್ಲ, ಚಿತ್ರಗಳು ಎಷ್ಟೋ ಸಲ ಬಿಟ್ಟುಹೋಗಿರುತ್ತವೆ, ಮತ್ತು ಎರಡು ದಶಕಗಳ ಹಿಂದಿನ ಕನ್ನಡ ತಾಣಗಳು ತಮ್ಮದೇ ಅಕ್ಷರಶೈಲಿಗಳನ್ನು ಬಳಸುತ್ತಿದ್ದುದರಿಂದ ಪುಟ ಸಿಕ್ಕರೂ ತಮ್ಮ ಶ್ರೀಮತಿಯವರ ಕಡತದ ಸಮಸ್ಯೆಯೇ ಅಲ್ಲಿಯೂ ಎದುರಾಗುತ್ತದೆ. ಆರ್ಕೈವ್ ಕೂಡ ಅಭೇದ್ಯವಲ್ಲ: 2024ರ ಅಕ್ಟೋಬರಿನಲ್ಲಿ ಸೈಬರ್ ದಾಳಿಗೆ ಗುರಿಯಾಗಿ ಕೆಲವು ದಿನ ಅದರ ಸೇವೆಯೇ ಸ್ಥಗಿತಗೊಂಡಿತ್ತು. ಆದ್ದರಿಂದ ನಿಜವಾಗಿ ಬೇಕೆನಿಸಿದ ಬರಹವನ್ನು ಪಿಡಿಎಫ್ ಆಗಿ ಸ್ವಂತ ಗಣಕದಲ್ಲಿಯೂ ಇಟ್ಟುಕೊಳ್ಳಿ.

ಪಟ್ಟಿಯ ಪ್ರತಿಯೊಂದು ಕೊಂಡಿಯನ್ನೂ ಬದುಕಿಸುವ ಹಟ ಬೇಡ ಎಂಬುದು ನನ್ನ ಸಲಹೆ. ಶೀರ್ಷಿಕೆ ಓದಿದಾಗ ‘ಇದನ್ನು ಯಾಕೆ ಇಟ್ಟುಕೊಂಡೆ’ ಎಂಬುದು ನೆನಪಾದರೆ ಹುಡುಕಿ; ನೆನಪಾಗದಿದ್ದರೆ ಮುಂದಿನದಕ್ಕೆ ಹೋಗಿ. ಸಿಕ್ಕಿದ್ದರ ಜೊತೆಗೆ ಆ ಕಾರಣವನ್ನು ಒಂದೆರಡು ಸಾಲಿನಲ್ಲಿ ಬರೆದಿಡಿ, ಏಕೆಂದರೆ ಅದು ಯಾವ ಆರ್ಕೈವಿನಲ್ಲೂ ಸಿಗುವಂಥದ್ದಲ್ಲ. ಮಗಳಿಗೂ ಇದರಲ್ಲಿ ಕೆಲಸವಿದೆ: ಪರಿವರ್ತನೆಯಾದ ಕಡತದಲ್ಲಿ ತಂಬುಳಿಗೋ ಕಷಾಯಕ್ಕೋ ಬಳಸಿದ ಸೊಪ್ಪಿನ ಹೆಸರು ತಪ್ಪಾಗಿ ಮೂಡಿದ್ದರೆ, ಅಮ್ಮನ ಅಡುಗೆ ಉಂಡು ಬೆಳೆದವರೇ ಅದನ್ನು ಹಿಡಿಯಬಲ್ಲರು.

ತಮ್ಮ ಸಂಗ್ರಹವನ್ನು ಪತ್ರಿಕೆಯಲ್ಲಿ ಪ್ರಕಟಿಸಬಹುದೇ ಎಂದೂ ಕೇಳಿದ್ದೀರಿ. ಇಡೀ ಪಟ್ಟಿಯನ್ನು ಅಚ್ಚು ಹಾಕಲಾಗದು. ಇಂದಿಗೂ ತೆರೆಯುವ, ತಾವು ಎರಡನೆಯ ಬಾರಿ ಓದಿದಾಗಲೂ ಇಷ್ಟವಾದ ಐದಾರನ್ನು ಆರಿಸಿ, ಪ್ರತಿಯೊಂದರ ತಿರುಳನ್ನೂ ತಮ್ಮ ಮಾತಿನಲ್ಲಿ ಬರೆದು ಕಳುಹಿಸಿದರೆ ಖಂಡಿತ ಪರಿಶೀಲಿಸುತ್ತೇವೆ.

ವಂದನೆಗಳೊಂದಿಗೆ,
ಸಂಪಾದಕ